ಪ್ಯಾಡ್ ಸ್ವಲ್ಪ ಮಂಕಾಗಲಿ, ಹಾಡಿನ ಮಾತು ಕೇಳಲಿ

ನವೆಂಬರ್ ಬಂತು ಅಂದ್ರೆ ಕಾಲೇಜು ಸ್ಟೇಜ್‌ಗಳಲ್ಲಿ ಭಾವಗೀತೆ ಶುರು. ಹಾಡೋರು ಚೆನ್ನಾಗೇ ಹಾಡ್ತಾರೆ, ಕೀಬೋರ್ಡ್‌ನವರೂ ಸ್ವರ ತಪ್ಪಲ್ಲ. ಆದ್ರೂ ಹಿಂದಿನ ಸಾಲಿನವರಿಗೆ ಬರೀ ರಾಗ ಕೇಳಿಸುತ್ತೆ, ಮಾತು ಕೇಳಿಸಲ್ಲ. ಬೇಂದ್ರೆ, ನಿಸಾರ್ ಅಹಮದ್ ಅವರ ಪದಗಳೇ ಕಿವಿಗೆ ತಲುಪದಿದ್ದರೆ ಅದೆಂಥ ಕನ್ನಡ ಕಾರ್ಯಕ್ರಮ? ಎಲ್ಲರೂ ಮೈಕನ್ನು ಬೈತಾರೆ. ನನ್ನ ಅನುಮಾನ ಮಾತ್ರ ಹಾಡಿನ ಹಿಂದೆ ಉದ್ದಕ್ಕೂ ಹರಡಿಕೊಂಡಿರೋ ಪ್ಯಾಡ್ ಸೌಂಡ್ ಮೇಲೆ.

ಕಂಪನಿಯವರು ಕೀಬೋರ್ಡ್‌ನಲ್ಲಿ ಹಾಕಿ ಕೊಡೋ ಪ್ಯಾಡ್‌ಗಳು ಅಂಗಡಿಯಲ್ಲಿ ಒಂಟಿಯಾಗಿ ಕೇಳಿದಾಗಲೇ ‘ವಾವ್’ ಅನ್ನಿಸಬೇಕು. ಅದಕ್ಕೇ ಎಷ್ಟೋ ಪ್ಯಾಡ್‌ಗಳಲ್ಲಿ ಫಿಲ್ಟರ್ ಪೂರ್ತಿ ತೆರೆದು, ಮೇಲೆ ಕೋರಸ್, ರಿವರ್ಬ್ ಸುರಿದಿರುತ್ತಾರೆ. ಇನ್ನೊಂದು ಕಡೆ, ಸ, ಶ, ಚ ಇಂಥ ವ್ಯಂಜನಗಳ ಶಕ್ತಿ ಹೆಚ್ಚಾಗಿ ಇರೋದು 3ರಿಂದ 8 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ಬ್ರೈಟ್ ಪ್ಯಾಡ್‌ನ ಹಾರ್ಮಾನಿಕ್ಸ್ ಕೂಡ ಅಲ್ಲೇ ಬಂದು ಕೂರುತ್ತವೆ. ಆಮೇಲೆ ‘ಸಿಕ್ಕ’ ಯಾವುದು, ‘ಚಿಕ್ಕ’ ಯಾವುದು ಅಂತ ಕೇಳೋರು ಊಹಿಸಿಕೊಳ್ಳಬೇಕು.

ಇದಕ್ಕೆ ಸಾಮಾನ್ಯವಾಗಿ ಮಾಡೋದು ವಾಲ್ಯೂಮ್ ಇಳಿಸೋದು. ಆಗ ಪ್ಯಾಡ್‌ನ ತುಂಬುತನ ಹೋಗುತ್ತೆ, ಚುಚ್ಚೋ ಭಾಗ ಆಗಲೂ ಉಳಿದಿರುತ್ತೆ. ಮಿಕ್ಸರ್‌ನಲ್ಲಿ ಟ್ರೆಬಲ್ ಕಡಿಮೆ ಮಾಡಿದರೆ ಅದೇ ಕೇಬಲ್‌ನಲ್ಲಿ ಬರೋ ಪಿಯಾನೋ, ಕೊಳಲು ಎಲ್ಲವೂ ಮಂಕು. ಸರಿಪಡಿಸಬೇಕಾದ್ದು ಆ ಒಂದು ಸೌಂಡ್ ಒಳಗೇ.

ಅಲ್ಲಿರೋ ಮುಖ್ಯ ಗುಂಡಿ ‘ಕಟ್‌ಆಫ್’. ಲ್ಯಾಬ್‌ನಲ್ಲಿ ಆರ್‌ಸಿ ಲೋ-ಪಾಸ್ ಫಿಲ್ಟರ್ ಕಟ್ಟಿ ಗ್ರಾಫ್ ಎಳೆದಿದ್ದೀವಲ್ಲ, ಅದರ ಅಣ್ಣನೇ ಇದು. ಒಂದು ಆರ್‌ಸಿ ಹಂತ ಪ್ರತಿ ಆಕ್ಟೇವ್‌ಗೆ 6 ಡೆಸಿಬೆಲ್ ಇಳಿಸಿದರೆ, ಸಿಂಥ್ ಫಿಲ್ಟರ್‌ಗಳು ಸಾಮಾನ್ಯವಾಗಿ 12 ಅಥವಾ 24 ಇಳಿಸುತ್ತವೆ. ಗಾಯಕರು ಹಾಡ್ತಿರುವಾಗಲೇ, ಪ್ಯಾಡ್ ಮೇಲೆ ಕಂಬಳಿ ಹೊದಿಸಿದ ಹಾಗೆ ಕೇಳೋವರೆಗೂ ಕಟ್‌ಆಫ್ ಇಳಿಸಿ, ಆಮೇಲೆ ಒಂದು ಚೂರು ಮೇಲೆತ್ತಿ. ರೆಸೊನೆನ್ಸ್ ಸೊನ್ನೆಯ ಹತ್ತಿರ ಇರಲಿ, ಇಲ್ಲದಿದ್ದರೆ ಕಟ್‌ಆಫ್ ಇರೋ ಜಾಗದಲ್ಲೇ ಸೀಟಿ ಥರ ಒಂದು ಉಬ್ಬು ಏಳುತ್ತೆ. ಅಟ್ಯಾಕ್ ಸ್ವಲ್ಪ ನಿಧಾನ ಮಾಡಿದರೆ ಅಕ್ಷರದ ಶುರುವಿನ ಮೇಲೆ ಕಾರ್ಡ್ ಬಂದು ಬೀಳಲ್ಲ. ಕೀಲಿ ಜೋರಾಗಿ ಒತ್ತಿದಾಗ ಫಿಲ್ಟರ್ ತೆರೆದುಕೊಳ್ಳೋ ವೆಲಾಸಿಟಿ ಸೆಟ್ಟಿಂಗ್ ಇದ್ದರೆ ಅದನ್ನೂ ಕಡಿಮೆ ಮಾಡಿ. ಎಲ್ಲ ಸರಿಹೋದ ಮೇಲೆ ಯೂಸರ್ ಮೆಮೊರಿಯಲ್ಲಿ ಸೇವ್ ಮಾಡೋದು ಮರೀಬೇಡಿ.

‘ಹಿಂಗೆ ಮಾಡಿದ್ರೆ ಡಲ್ ಹೊಡೆಯುತ್ತಲ್ಲಪ್ಪಾ’ ಅಂತ ಕೀಬೋರ್ಡ್ ಗೆಳೆಯರು ಹೇಳ್ತಾರೆ. ಹೆಡ್‌ಫೋನ್ ಹಾಕಿಕೊಂಡು ಒಂಟಿಯಾಗಿ ಕೇಳಿದರೆ ನಿಜ. ಆದರೆ ಸ್ಟೇಜ್ ಮೇಲೆ ಗಿಟಾರ್ ಇದೆ, ತಬಲಾ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ಗಾಯಕರ ಗಂಟಲಿದೆ. ಮೇಲಿನ ಜಾಗ ಅವರಿಗೆ ಬಿಟ್ಟರೆ ಒಟ್ಟು ಹಾಡು ಡಲ್ ಆಗಲ್ಲ. ಇನ್ನೂ ಒಂದು ಮಾತು. ಶಬ್ದದ ಮಟ್ಟ ಬದಲಾದ ಹಾಗೆ ನಮ್ಮ ಕಿವಿ ಬೇರೆ ಬೇರೆ ಫ್ರೀಕ್ವೆನ್ಸಿಗಳನ್ನು ಗ್ರಹಿಸೋ ರೀತಿಯೂ ಬದಲಾಗುತ್ತೆ ಅಂತ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದಾರೆ. ಹಾಸ್ಟೆಲ್ ರೂಮಲ್ಲಿ ಮೆಲ್ಲಗೆ ಕೇಳಿ ಹಿತವಾಗಿದೆ ಅಂದುಕೊಂಡ ಸೌಂಡ್, ಆಡಿಟೋರಿಯಂನ ದೊಡ್ಡ ಸ್ಪೀಕರ್‌ನಲ್ಲಿ ಕಿವಿಗೆ ಚುಚ್ಚಬಹುದು. ಆದ್ದರಿಂದ ಕೊನೆಯ ಸೆಟ್ಟಿಂಗ್ ಆಗಬೇಕಾದ್ದು ಅದೇ ಸ್ಪೀಕರ್, ಅದೇ ವಾಲ್ಯೂಮ್‌ನಲ್ಲಿ.

ಈ ಸಲ ಸೌಂಡ್ ಚೆಕ್‌ನಲ್ಲಿ ಹತ್ತು ನಿಮಿಷ ಇದಕ್ಕೆ ಕೊಡೋಣ. ಹಾಡು ಗೊತ್ತಿಲ್ಲದ ಒಬ್ಬರನ್ನ ಕೊನೆಯ ಸಾಲಿನಲ್ಲಿ ಕೂರಿಸಿ, ಕೇಳಿಸಿದ ಒಂದು ಚರಣ ಬರೆಯೋಕೆ ಹೇಳಿ. ಅವರು ಸರಿಯಾಗಿ ಬರೆಯೋವರೆಗೂ ಕಟ್‌ಆಫ್ ಇಳಿಸ್ತಾ ಹೋಗಿ.