ಬಲಿಪೀಠವಿದ್ದಲ್ಲಿ ಬಿಯರಿನ ಹಂಡೆ



ಇಗರ್ಜಿಯ ಕಟ್ಟಡದಲ್ಲೇ ಮದ್ಯದಂಗಡಿ ಎಂದರೆ ಮೀಂಜದ ನಮ್ಮ ಜನ ನಂಬಲಿಕ್ಕಿಲ್ಲ. ಕಳ್ಳಿನಂಗಡಿಯನ್ನೂ ದೇವಾಲಯದಿಂದ ದೂರ ಇಡತಕ್ಕದ್ದೆಂದು ಕೇರಳದ ಅಬಕಾರಿ ಕಾನೂನೇ ಹೇಳುತ್ತದೆ. ಆದರೆ ಪಶ್ಚಿಮದ ದೇಶಗಳಲ್ಲಿ ಇದು ನಡೆದಿದೆ, ಒಂದೆರಡು ಊರುಗಳಲ್ಲಲ್ಲ.

ಅಮೆರಿಕದ ಪಿಟ್ಸ್‌ಬರ್ಗ್ ಉಕ್ಕಿನ ಕಾರ್ಖಾನೆಗಳಿಂದ ಬೆಳೆದ ಪಟ್ಟಣ. ಅಲ್ಲಿಯ ಲಾರೆನ್ಸ್‌ವಿಲ್ ಎಂಬ ಕಾರ್ಮಿಕರ ಕೇರಿಯಲ್ಲಿ 1902ರಲ್ಲಿ ಸ್ನಾನಿಕ ಯೊವಾನ್ನರ ಇಗರ್ಜಿ ಎದ್ದಿತು. 1980ರ ದಶಕದಲ್ಲಿ ಕಾರ್ಖಾನೆಗಳು ಒಂದರ ಹಿಂದೊಂದು ಮುಚ್ಚಿದವು. ಕೆಲಸ ಕಳಕೊಂಡವರು ಕೆಲಸ ಇದ್ದ ಕಡೆಗೆ ಗಂಟುಮೂಟೆ ಕಟ್ಟಿದರು. 1993ರಲ್ಲಿ ಇಗರ್ಜಿಗೆ ಬೀಗ ಬಿತ್ತು. 1996ರಲ್ಲಿ ಅದೇ ಕಟ್ಟಡ, ಬಿಯರ್ ತಯಾರಿಸಿ ಮಾರುವ ಹೋಟೆಲಾಗಿ ಬಾಗಿಲು ತೆರೆಯಿತು. ಬಲಿಪೀಠವಿದ್ದ ಜಾಗದಲ್ಲಿ ಬಿಯರಿನ ದೊಡ್ಡ ಹಂಡೆಗಳನ್ನು ನಿಲ್ಲಿಸಿದರು. ಪೂಜೆಗೆ ಬಂದವರು ಕುಳಿತ ಬೆಂಚುಗಳೇ ಕುಡಿಯುವವರ ಆಸನಗಳಾದವು.

ಐರ್ಲೆಂಡಿನ ಡಬ್ಲಿನ್‌ನಲ್ಲಿಯೂ ಮುಚ್ಚಿಹೋಗಿದ್ದ ಸಂತ ಮೇರಿ ಇಗರ್ಜಿ 2005ರಲ್ಲಿ ಬಾರ್ ಆಯಿತು. ಬಿಯರಿಗೆ ಹೆಸರಾದ ಆರ್ಥರ್ ಗಿನ್ನೆಸ್ 1761ರಲ್ಲಿ ಮದುವೆಯಾದದ್ದು ಅಲ್ಲೇ ಎಂಬುದು ವ್ಯಾಪಾರಕ್ಕೆ ಒಳ್ಳೆಯ ಜಾಹೀರಾತು!

ಇದನ್ನು ಕೇಳಿದವರು ಕುಡಿತವನ್ನೇ ಬೈಯುತ್ತಾರೆ. ಬೈಯಬೇಕಾದದ್ದೇ. ಬಟವಾಡೆಯ ಸಂಜೆ ಲೈನ್ ಮನೆಗಳಲ್ಲಿ ಏನಾಗುತ್ತದೆಂದು ನಮ್ಮ ತಾಯಂದಿರನ್ನು ಕೇಳಿದರೆ ಸಾಕು. ಆದರೆ ಪಿಟ್ಸ್‌ಬರ್ಗ್‌ನ ಇಗರ್ಜಿಯನ್ನು ಬರಿದು ಮಾಡಿದ್ದು ಬಿಯರಲ್ಲ. ಮೊದಲು ಕೆಲಸ ಹೋಯಿತು, ಆಮೇಲೆ ಜನ ಹೋದರು, ಬಿಯರ್ ಬಂದದ್ದು ಕಟ್ಟಕಡೆಗೆ.

ನಮ್ಮ ಕಡೆಯದೇ ಮಾತು ಬೇಕಾದರೆ ಕೋಲಾರದ ಚಿನ್ನದ ಗಣಿಯನ್ನು ನೋಡೋಣ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆದರೂ ಎಷ್ಟೋ ಕುಟುಂಬಗಳು ಊರು ಬಿಡಲಿಲ್ಲ. ಗಣಿಯವರ ಮಕ್ಕಳು ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಜನ ಉಳಿದದ್ದರಿಂದಲೇ ಅಲ್ಲಿಯ ಹಳೆಯ ಇಗರ್ಜಿಗಳಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ.

ಕಥೋಲಿಕ ಸಭೆಯ 1983ರ ಕಾನೂನುಸಂಹಿತೆಯ 1222ನೆಯ ವಿಧಿ ಏನು ಹೇಳುತ್ತದೆ? ಪೂಜೆಗೆ ಒದಗದ ಇಗರ್ಜಿಯನ್ನು ಧರ್ಮಾಧ್ಯಕ್ಷರು ಲೌಕಿಕ ಬಳಕೆಗೆ ಬಿಡಬಹುದು, ಹೀನ ಬಳಕೆಗೆ ಮಾತ್ರ ಕೂಡದು. 2018ರ ನವೆಂಬರಿನಲ್ಲಿ ರೋಮಿನಲ್ಲಿ ಇದೇ ವಿಷಯಕ್ಕೆ ಸಮ್ಮೇಳನವೂ ನಡೆಯಿತು. ಆದರೆ ಒಮ್ಮೆ ಮಾರಿದ ಮೇಲೆ ಕಟ್ಟಡ ಕೊಂಡವನದು. ಮಾರುವ ಮುಂಚೆಯೇ ಪತ್ರದಲ್ಲಿ ಷರತ್ತು ಬರೆಸದಿದ್ದರೆ, ಆಮೇಲೆ ಬಾಯಿ ಬಡಿದುಕೊಂಡು ಫಲವಿಲ್ಲ.

ಇದು ದೂರದ ದೇಶದ ಸುದ್ದಿ ಎಂದು ತೋಟದ ಜನರಾದ ನಾವು ಸುಮ್ಮನಿರುವ ಹಾಗಿಲ್ಲ. ತೋಟದೊಳಗಿನ ಪ್ರಾರ್ಥನಾಮಂದಿರಕ್ಕೆ ಕಲ್ಲು ಹೊತ್ತವರು ನಾವು, ಹಂಚಿಗೆ ಕೂಲಿಯಲ್ಲಿ ಉಳಿಸಿ ಕೊಟ್ಟವರು ನಾವು. ಅದರ ಅಡಿಯ ಜಾಗ ಯಾರದು? ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗ ತೋಟ ಮಾರುವಾಗ ತೋಟದ ಜೊತೆಗೇ ಹೋಗುತ್ತದೆ. ಕೊಡಗು, ಚಿಕ್ಕಮಗಳೂರಿನ ಕಡೆ ಕಾಫಿ ತೋಟಗಳಲ್ಲಿ ರೆಸಾರ್ಟುಗಳು ಏಳುತ್ತಿರುವ ಕಾಲವಿದು. ರೆಸಾರ್ಟ್ ಬಂದರೆ ಹಿಂದೆಯೇ ಬಾರ್ ಬರುವುದು ಹೊಸತಲ್ಲ.

ಆದ್ದರಿಂದ ಪ್ರತಿ ತೋಟದ ಗುರಿಕಾರರೂ ಯೂನಿಯನ್ ಪ್ರತಿನಿಧಿಯೂ ಜೊತೆಯಾಗಿ ಗ್ರಾಮ ಕಚೇರಿಗೆ ಹೋಗಿ, ಪ್ರಾರ್ಥನಾಮಂದಿರದ ಜಾಗದ ತೀರ್ವೆ ಯಾರ ಹೆಸರಿನಲ್ಲಿದೆ, ಆಧಾರಪತ್ರ ಇದೆಯೋ ಇಲ್ಲವೋ ವಿಚಾರಿಸಬೇಕು. ಇಲ್ಲವಾದರೆ ಧಣಿಗಳು ಇರುವಾಗಲೇ, ತೋಟ ಕೈ ಬದಲಾಗುವ ಮೊದಲೇ, ಬರಹದಲ್ಲಿ ಕೇಳಬೇಕು. ಅರ್ಜಿ ಬರೆಯಲು ಬಾರದವರು ಭಾನುವಾರ ಪೂಜೆಯ ಬಳಿಕ ಬಂದರೆ ಬರೆದುಕೊಡುತ್ತೇವೆ. ಹಳೆಯ ರಶೀದಿ, ಚೀಟಿ ಏನಿದ್ದರೂ ಜೊತೆಗೆ ತನ್ನಿರಿ.