ಬಣ್ಣದ ಚಿತ್ರ ನಂಬೋ ಮುಂಚೆ...

ಆಂಟೆನಾ ಮೈಮೇಲೆ ಕರೆಂಟ್ ಹರಿಯೋದನ್ನ ಕೆಂಪು-ನೀಲಿ ಬಣ್ಣದಲ್ಲಿ ತೋರಿಸೋ ಸಾಫ್ಟ್‌ವೇರ್ ನೋಡಿರ್ತೀರಿ. ಚಿತ್ರ ಚೆನ್ನಾಗಿದ್ರೆ ಉತ್ತರ ಸರಿ ಅನ್ನೋದನ್ನ ನಾನಂತೂ ಒಪ್ಪಲ್ಲ. ಇಂಥ ಎಷ್ಟೋ ಸಾಫ್ಟ್‌ವೇರ್‌ಗಳ ಹಿಂದಿರೋದು 1982ರಲ್ಲಿ ರಾವ್, ವಿಲ್ಟನ್, ಗ್ಲಿಸನ್ ಕೊಟ್ಟ ಉಪಾಯ (ಸದಾಶಿವ ರಾವ್ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಲ್ಲಿ ಓದಿದವರು!). ಲೋಹದ ಮೈಯನ್ನ ತ್ರಿಕೋನಗಳಾಗಿ ಕತ್ತರಿಸಿ, ಎರಡು ತ್ರಿಕೋನ ಸೇರೋ ಪ್ರತಿ ಅಂಚಿಗೂ ಒಂದು ಅಜ್ಞಾತ ಸಂಖ್ಯೆ. ಒಂದರಿಂದ ಹೊರಟ ಕರೆಂಟ್ ಅಷ್ಟೂ ಪಕ್ಕದ್ದಕ್ಕೆ ಹೋಗುತ್ತೆ, ಅಂಚಲ್ಲಿ ಚಾರ್ಜ್ ಗುಡ್ಡೆ ಬೀಳಲ್ಲ. ಎಷ್ಟು ಸರಳ ಅಲ್ವಾ?

ತಕರಾರಿರೋದು ತ್ರಿಕೋನದ ಅಳತೆಯಲ್ಲಿ. ಅಂಚು ತರಂಗಾಂತರದ ಹತ್ತನೇ ಒಂದು ಭಾಗ ಇರಲಿ ಅಂತ ರೂಢಿ. ಅದನ್ನ ಅರ್ಧ ಮಾಡಿದ್ರೆ ಅಜ್ಞಾತಗಳು ಸುಮಾರು 4 ಪಟ್ಟು, ಮೆಮೊರಿ 16 ಪಟ್ಟು, ನೇರವಾಗಿ ಬಿಡಿಸೋ ಸಮಯ 64 ಪಟ್ಟು! ಎರಡನೇ ಸಲ ಓಡಿಸೋಕೆ ಬೇಜಾರು, ಗೊತ್ತು. ಆದ್ರೂ ಮೂಲೆಗಳಲ್ಲಿ, ವೈರ್ ಜೋಡಿಸಿದ ಕಡೆಯಾದ್ರೂ ಜಾಲರಿ ಸಣ್ಣ ಮಾಡಿ ಓಡಿಸಿ. ಸಂಖ್ಯೆ ಕದಲಿದ್ರೆ ಮೊದಲನೇ ಚಿತ್ರನ ರಿಪೋರ್ಟಿಗೆ ಹಾಕ್ಬೇಡಿ ಮಾರಾಯ್ರೆ.