ಅಂಗಡಿಯ ಪುಸ್ತಕ ಅಂಗಡಿಯಲ್ಲಿ, ನಮ್ಮ ಪುಸ್ತಕ ಎಲ್ಲಿ?

ಬೆಳ್ತಂಗಡಿ ತಾಲೂಕಿನಲ್ಲಿ ಬೀಡಿ ಕಟ್ಟುವ ಸಹೋದರಿಯರನ್ನು ಲೆಕ್ಕದಲ್ಲಿ ಸೋಲಿಸುವುದು ಸುಲಭವಲ್ಲ. ಎಷ್ಟು ಎಲೆ ಬಂತು, ಎಷ್ಟು ಹೊಗೆಸೊಪ್ಪು ಬಂತು, ಎಷ್ಟು ಬೀಡಿ ಕೊಟ್ಟೆ ಎಂಬುದೆಲ್ಲ ಅವರ ಬೀಡಿ ಪುಸ್ತಕದಲ್ಲಿರುತ್ತದೆ. ನೂರು ಬೀಡಿಯ ವ್ಯತ್ಯಾಸವಾದರೂ ಅದೇ ದಿನ ಕೇಳಿ ಸರಿಪಡಿಸುತ್ತಾರೆ. ಆದರೆ ಅದೇ ಮಜೂರಿ ಹಿಡಿದುಕೊಂಡು ದಾರಿಯಲ್ಲಿ ದಿನಸಿ ಅಂಗಡಿಯ ಮೆಟ್ಟಿಲು ಹತ್ತಿದರೆ ಲೆಕ್ಕ ಅಲ್ಲಿಗೇ ನಿಂತುಬಿಡುತ್ತದೆ. ಅಲ್ಲಿ ಬರೆಯುವವರು ಅಂಗಡಿಯವರು.

ಅಂಗಡಿಯವರು ಮೋಸ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ನಾವು ಎಷ್ಟು ಕೊಡಬೇಕು ಎಂಬುದಷ್ಟೇ ಅವರಿಗೆ ಬೇಕಾದ ಲೆಕ್ಕ. ನಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಸಕ್ಕರೆ ಕರಗಿತು, ಬೇಕರಿ ತಿಂಡಿಗೆ ಎಷ್ಟು ಹೋಯಿತು ಎಂಬ ಚಿಂತೆ ಅವರಿಗೇಕೆ? ಇನ್ನು ಫೋನ್‌ಪೇ, ಗೂಗಲ್ ಪೇ ಬಂದ ಮೇಲೆ ಎಲ್ಲವೂ ಮೊಬೈಲಿನಲ್ಲೇ ಇದೆ ಎಂದು ಹಲವರು ನೆಮ್ಮದಿಯಿಂದಿದ್ದಾರೆ. ಯಾರಿಗೆ, ಯಾವಾಗ, ಎಷ್ಟು ಕೊಟ್ಟಿರಿ ಎಂಬುದನ್ನು ಮೊಬೈಲ್ ಹೇಳುತ್ತದೆ. ಆ 180 ರೂಪಾಯಿ ಬೂತಾಯಿಗೋ ಬಿಸ್ಕತ್ತಿಗೋ ಎಂದು ಅದಕ್ಕೆ ಗೊತ್ತಿಲ್ಲ.

ಮಕ್ಕಳ ಕಳೆದ ವರ್ಷದ ನೋಟ್ ಪುಸ್ತಕದಲ್ಲಿ ಬರೆಯದೆ ಉಳಿದ ಹಾಳೆಗಳು ಪ್ರತಿ ಮನೆಯಲ್ಲೂ ಇವೆ. ಅಷ್ಟು ಸಾಕು. ತಾರೀಕು, ಸಾಮಾನು, ತೂಕ, ಬೆಲೆ ಇಷ್ಟನ್ನು ಬರೆಯಿರಿ. ಬಿಲ್ಲುಗಳನ್ನು ಡಬ್ಬಿಯಲ್ಲಿ ಹಾಕಿಟ್ಟು ತಿಂಗಳ ಕೊನೆಗೆ ನೋಡೋಣ ಎಂದುಕೊಳ್ಳಬೇಡಿ. ಸೂಪರ್ ಮಾರ್ಕೆಟಿನ ಆ ನುಣುಪು ಕಾಗದದ ಅಕ್ಷರ ಕೆಲವು ವಾರಗಳಲ್ಲೇ ಮಾಸಲು ತೊಡಗುತ್ತದೆ. ಮನೆಗೆ ಬಂದ ದಿನವೇ ಬರೆದುಬಿಡಿ.

ತೂಕವನ್ನು ಬಿಡಬಾರದು. ತಿಂಗಳ ಖರ್ಚು ಏರಿದರೆ ಒಂದೋ ಬೆಲೆ ಏರಿರಬೇಕು, ಇಲ್ಲವೇ ನಾವು ಹೆಚ್ಚು ತಂದಿರಬೇಕು. ಎರಡೂ ಒಂದೇ ಅಲ್ಲ. 2025ರಲ್ಲಿ ತೆಂಗಿನೆಣ್ಣೆಯ ಬೆಲೆ ವಿಪರೀತ ಏರಿದಾಗ ಎರಡು ಲೀಟರಿನ ಮನೆಗೆ ಎರಡೇ ಲೀಟರ್ ತಂದವಳ ಪಟ್ಟಿಯೂ ಉದ್ದವಾಯಿತು. ಅದರಲ್ಲಿ ಅವಳ ತಪ್ಪೇನು? ಗಲ್ಫಿನಿಂದ ಫೋನಿನಲ್ಲಿ "ಕಳಿಸಿದ ಹಣ ಎಲ್ಲಿ ಹೋಯಿತು?" ಎಂಬ ಪ್ರಶ್ನೆ ಬಂದಾಗ ಕಣ್ಣೀರು ಹಾಕುವ ಬದಲು ಪುಸ್ತಕ ತೆರೆದು ಓದಿ ಹೇಳಬಹುದು. ಪೊಟ್ಟಣದ ಬೆಲೆ ಹಾಗೆಯೇ ಇಟ್ಟು ಒಳಗಿನ ಗ್ರಾಮ್ ಇಳಿಸುವ ಕಂಪೆನಿಗಳ ಜಾಣತನವೂ ತೂಕ ಬರೆದವರಿಗೆ ಮಾತ್ರ ಕಾಣುತ್ತದೆ.

ಬೆಲೆ ಇಳಿದಾಗಲೂ ಹಾಗೆಯೇ. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ, ಬಿಸ್ಕತ್ತುಗಳ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಆ ಇಳಿಕೆ ನಿಮ್ಮ ಕೈಗೆ ತಲುಪಿತೇ? ಆಗಸ್ಟ್ ತಿಂಗಳ ಬೆಲೆ ಬರೆದಿಟ್ಟವಳು ಉತ್ತರಿಸಬಲ್ಲಳು.

ಇನ್ನು ಹೋಲಿಕೆಯ ವಿಚಾರ. ನಮ್ಮ ಮನೆಗಳಲ್ಲಿ ಎರಡು ಕ್ಯಾಲೆಂಡರ್‌ಗಳು ನಡೆಯುತ್ತವೆ. ಹಿಜ್‌ರಿ ವರ್ಷ ಸುಮಾರು 11 ದಿನ ಚಿಕ್ಕದು. ಹಾಗಾಗಿ ಈ ಮಾರ್ಚನ್ನು ಕಳೆದ ಮಾರ್ಚಿನೊಂದಿಗೆ ಹೋಲಿಸಿದರೆ ಪ್ರಯೋಜನವಿಲ್ಲ. ರಮಝಾನನ್ನು ರಮಝಾನ್‌ನೊಂದಿಗೇ ಹೋಲಿಸಬೇಕು. ಹಗಲು ಉಪವಾಸವಿರುವ ತಿಂಗಳಲ್ಲಿ ಅಡುಗೆ ಮನೆಯ ಖರ್ಚು ಹೇಗೆ ಏರುತ್ತದೆ ಎಂಬುದನ್ನು ಕಣ್ಣಾರೆ ಕಂಡರೆ ಸ್ವಲ್ಪ ನಾಚಿಕೆಯಾದೀತು, ಆಗಲಿ. 2025ರಲ್ಲಿ ಶಾಲೆ ಮೇ ಕೊನೆಗೆ ತೆರೆಯಿತು, ಬಕ್ರೀದ್ ಜೂನ್ 7ಕ್ಕೆ ಬಂತು. ಶುಲ್ಕ, ಕೊಡೆ, ಸಮವಸ್ತ್ರ, ಹಬ್ಬ ಎಲ್ಲವೂ ಹತ್ತು ದಿನಗಳೊಳಗೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಘಟ್ಟದ ಬುಡದ ನಮ್ಮೂರಿಗೆ ಬರುವ ಬಂಗುಡೆಯೂ ಅದೇ ಹೊತ್ತಿಗೆ ತುಟ್ಟಿ. ಇದ್ಯಾವುದೂ ಆಕಸ್ಮಿಕವಲ್ಲ. ಒಂದು ವರ್ಷ ಬರೆದವರಿಗೆ ಮುಂದಿನ ವರ್ಷದ ಬಿಗಿ ತಿಂಗಳು ಮೊದಲೇ ತಿಳಿಯುತ್ತದೆ.

ಜಪಾನಿನ ಪತ್ರಕರ್ತೆ ಹಾನಿ ಮೊಟೊಕೊ 1904ರಲ್ಲೇ ಗೃಹಿಣಿಯರಿಗಾಗಿ ಮನೆಲೆಕ್ಕದ ಪುಸ್ತಕವೊಂದನ್ನು ಹೊರತಂದರು. ಯಾವ ಬಾಬ್ತಿಗೆ ಎಷ್ಟು ಎಂದು ಮೊದಲೇ ನಿಗದಿಪಡಿಸಿ, ಆಮೇಲೆ ಖರ್ಚನ್ನು ಅದರೊಂದಿಗೆ ತಾಳೆ ನೋಡುವುದು ಅವರ ಕ್ರಮ. ನಮಗೆ ಮೊದಲ ಮೂರು ತಿಂಗಳು ಅದೂ ಬೇಡ. ಸುಮ್ಮನೆ ಬರೆಯಿರಿ. ದಿನಕ್ಕೆ 40 ರೂಪಾಯಿಯ ಬೇಕರಿ ತಿಂಡಿ ವರ್ಷಕ್ಕೆ 14,600 ರೂಪಾಯಿ ಎಂದು ಕಂಡಾಗ ನಿಲ್ಲಿಸಬೇಕೋ, ವಾರಕ್ಕೆರಡು ದಿನ ಇಟ್ಟುಕೊಳ್ಳಬೇಕೋ ಎಂದು ನೀವೇ ತೀರ್ಮಾನಿಸುತ್ತೀರಿ. ಮಕ್ಕಳ ಹಾಲು, ಮೊಟ್ಟೆಗೆ ಕತ್ತರಿ ಹಾಕಿ ಉಳಿಸುವುದು ಉಳಿತಾಯವಲ್ಲ.

ಒಂದು ಮಾತು ಗಂಡಸರಿಗೆ. ಪುಸ್ತಕ ಸೊಸೆಯ ಮೇಲಿನ ಕಾವಲಾಗಬಾರದು. ಪೇಟೆಯ ಹೋಟೆಲಿನ ಚಹಾ, ಸಿಗರೇಟು, ಮೊಬೈಲ್ ರೀಚಾರ್ಜ್ ಕೂಡ ಅದೇ ಹಾಳೆಗೆ ಬರಲಿ.

ಕೊನೆಯ ಹಾಳೆಯನ್ನು ಸಾಲಕ್ಕೆ ಬಿಡಿ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್‌ಬಕರ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದದ್ದು. ಮೊತ್ತ ಸಣ್ಣದೆಂಬ ನೆಪವನ್ನೂ ಅದು ಒಪ್ಪುವುದಿಲ್ಲ. ಕಿರುಸಾಲ ವಸೂಲಿಯ ಕಿರುಕುಳ ಹೆಚ್ಚಾಗಿ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸೋಮವಾರ ಒಂದು ಕಂತು, ಗುರುವಾರ ಇನ್ನೊಂದು ಎಂದು ಓಡಾಡುವ ಎಷ್ಟೋ ಮಹಿಳೆಯರಿಗೆ ಎಲ್ಲ ಸೇರಿ ಎಷ್ಟು ಬಾಕಿ ಎಂಬುದು ಗೊತ್ತಿರುವುದಿಲ್ಲ; ಒಂದು ಕಂತು ತೀರಿಸಲು ಮತ್ತೊಂದು ಸಾಲ ಎತ್ತುವುದು ಅಲ್ಲಿಂದಲೇ ಶುರು. ಅಂಗಡಿಯ ಬಾಕಿ, ನೆರೆಮನೆಯಿಂದ ತಂದ 500 ರೂಪಾಯಿ, ಅಡವಿಟ್ಟ ಬಳೆಯ ತೂಕ ಮತ್ತು ಅವಧಿ ಎಲ್ಲವೂ ಆ ಒಂದೇ ಹಾಳೆಯಲ್ಲಿರಲಿ. ಖರ್ಚಿನಲ್ಲಿ ಉಳಿದದ್ದು ಮೊದಲು ಅಲ್ಲಿಗೇ ಹೋಗಲಿ. ತೀರಿದ ಸಾಲಕ್ಕೆ ಗೀಟು ಎಳೆಯುವಾಗ ತಾರೀಕು ಹಾಕಲು ಮರೆಯಬೇಡಿ; ವರ್ಷಕ್ಕೊಮ್ಮೆ ಝಕಾತಿನ ಲೆಕ್ಕಕ್ಕೆ ಕುಳಿತಾಗ ಬೇಕಾಗುವುದೂ ಇದೇ ಹಾಳೆ.